ಊರುಗಳ ಭೌಗೋಳಿಕ ವಿವರಣೆಯಲ್ಲಿ ಯಾವ ಅಂಶಗಳನ್ನು ಉಳಿಸಿಕೊಳ್ಳಬೇಕು?

ಪ್ರಶ್ನೆ: ನಕಾಶೆಪ್ರಿಯ

ಜಗತ್ತಿನ ಬೇರೆ ಬೇರೆ ನಗರಗಳ ಬಗ್ಗೆ ಪ್ರೌಢಶಾಲೆಯ ಮಕ್ಕಳು ಓದಬಹುದಾದ ಚಿಕ್ಕ ಭೌಗೋಳಿಕ ಟಿಪ್ಪಣಿಗಳನ್ನು ಬರೆಯುತ್ತಿದ್ದೇನೆ. ಒಂದೊಂದು ಊರಿಗೆ ಒಂದೆರಡು ಪ್ಯಾರಾಗಳಷ್ಟೇ ಜಾಗವಿದೆ. ಆಕರಗಳಲ್ಲಿ ಸಿಗುವ ಸಾಮಗ್ರಿಯೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನದು: ಅಕ್ಷಾಂಶ, ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ವಿಸ್ತೀರ್ಣ, ಜನಸಂಖ್ಯೆ, ವಾರ್ಷಿಕ ಸರಾಸರಿ ಉಷ್ಣಾಂಶ, ವಾರ್ಷಿಕ ಮಳೆ. ಇವನ್ನು ಸಾಲಾಗಿ ಬರೆದು ಮುಗಿಸಿದಾಗ, ಊರಿನ ಹೆಸರನ್ನೂ ಅಂಕಿಗಳನ್ನೂ ಬದಲಿಸಿದರೆ ಅದೇ ಟಿಪ್ಪಣಿ ಮತ್ತೊಂದು ಊರಿಗೂ ಸಲ್ಲುತ್ತದೆ ಎನ್ನಿಸುತ್ತದೆ. ಹತ್ತು ಟಿಪ್ಪಣಿಗಳನ್ನು ಓದಿದ ವಿದ್ಯಾರ್ಥಿಗೆ ಯಾವ ಊರು ಯಾವುದೆಂದು ನೆನಪಿರುವುದಿಲ್ಲ. ಹಾಗೆಂದು ಅಂಕಿಗಳನ್ನು ಕೈಬಿಟ್ಟರೆ ಪ್ರವಾಸಿ ಕೈಪಿಡಿಯ ಬಣ್ಣನೆಯಷ್ಟೇ ಉಳಿಯುತ್ತದೆ. ಭೂಗೋಳವನ್ನು ಓದಿಕೊಂಡವರು, ಕಲಿಸುವವರು ಇಲ್ಲಿದ್ದರೆ, ಯಾವ ಅಂಶಗಳನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಉದಾಹರಣೆಗಳೊಂದಿಗೆ ತಿಳಿಸಬೇಕಾಗಿ ವಿನಂತಿ.

ಉತ್ತರ 1: ಮಳೆನೆರಳು

ಅಂಕಿಗಳನ್ನು ಬಿಡಬೇಡಿ. ಆದರೆ ಪ್ರತಿ ಅಂಕಿಯ ಜೊತೆಗೂ ಅದರ ಕಾರಣವನ್ನು ಕೂಡಿಸಿ, ಕಾರಣ ಹೇಳಲಾಗದ ಅಂಕಿಯನ್ನು ಧೈರ್ಯವಾಗಿ ತೆಗೆದುಹಾಕಿ. ನನ್ನ ದೃಷ್ಟಿಯಲ್ಲಿ ಮೊದಲು ಹೋಗಬೇಕಾದದ್ದು ವಾರ್ಷಿಕ ಸರಾಸರಿ ಉಷ್ಣಾಂಶ.

ಸೈಬೀರಿಯಾದ ಯಾಕುತ್ಸ್ಕ್ ಮತ್ತು ಉತ್ತರ ಅಟ್ಲಾಂಟಿಕ್‌ನಲ್ಲಿರುವ ಫಾರೋ ದ್ವೀಪಗಳ ತೋರ್ಶಾನ್, ಎರಡೂ ಉತ್ತರದ 62° ಅಕ್ಷಾಂಶದ ಮೇಲೆಯೇ ಇವೆ. ಎರಡಕ್ಕೂ ವರ್ಷದಲ್ಲಿ ದೊರೆಯುವ ಹಗಲು ಒಂದೇ, ಸೂರ್ಯನ ಕಿರಣಗಳು ಬೀಳುವ ಓರೆಯೂ ಒಂದೇ. ಆದರೆ ಯಾಕುತ್ಸ್ಕ್‌ನಲ್ಲಿ ಜನವರಿಯ ಸರಾಸರಿ ಸುಮಾರು ಮೈನಸ್ 38 ಡಿಗ್ರಿಗೆ ಇಳಿದರೆ ಜುಲೈ ತಿಂಗಳಲ್ಲಿ ಅದು 19 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ತೋರ್ಶಾನ್‌ನಲ್ಲಿ ಜನವರಿಗೆ ಸುಮಾರು 4, ಜುಲೈಗೆ ಸುಮಾರು 11. ಒಂದು ಊರು ಖಂಡದ ಒಳನಾಡಿನಲ್ಲಿದ್ದು, ಬೇಗ ಕಾಯ್ದು ಬೇಗ ಆರುವ ನೆಲದ ಹಿಡಿತದಲ್ಲಿದೆ. ಇನ್ನೊಂದನ್ನು ಬೆಚ್ಚಗಿನ ಸಾಗರ ಪ್ರವಾಹ ಸುತ್ತುವರಿದಿದ್ದು, ಅದರ ಮೇಲಿಂದ ಬೀಸುವ ಪಶ್ಚಿಮ ಮಾರುತಗಳು ಚಳಿಗಾಲವನ್ನೂ ಬೇಸಿಗೆಯನ್ನೂ ಒಂದೇ ಹದದಲ್ಲಿ ಇಟ್ಟಿವೆ. ಅತಿ ಚಳಿಯ ತಿಂಗಳು, ಅತಿ ಸೆಕೆಯ ತಿಂಗಳು, ಇವೆರಡರ ನಡುವಿನ ಅಂತರವನ್ನು ಕೊಟ್ಟರೆ ಆ ಊರು ಕಡಲಿಗೆ ಸೇರಿದ್ದೋ ಒಳನಾಡಿಗೆ ಸೇರಿದ್ದೋ ಎಂಬುದು ನಕಾಶೆ ನೋಡದೆಯೇ ತಿಳಿಯುತ್ತದೆ. ಅಲ್ಲಿಂದ ಮುಂದೆ ಯಾಕುತ್ಸ್ಕ್‌ನ ಕಟ್ಟಡಗಳು ಸದಾ ಹೆಪ್ಪುಗಟ್ಟಿರುವ ನೆಲದಲ್ಲಿ ಹೂತ ಕಂಬಗಳ ಮೇಲೇಕೆ ನಿಂತಿವೆ, ಚಳಿಗಾಲದಲ್ಲಿ ಲೇನಾ ನದಿಯ ಮಂಜುಗಡ್ಡೆಯ ಮೇಲೆ ವಾಹನಗಳು ಹೇಗೆ ಓಡುತ್ತವೆ ಎಂಬ ವಿವರಗಳು ತಾವಾಗಿಯೇ ಬಂದು ಸೇರುತ್ತವೆ.

ಮಳೆಯ ಅಂಕಿಯಲ್ಲಿಯೂ ಇದೇ ತೊಡಕಿದೆ. ಪೆರುವಿನ ಲಿಮಾ ನಗರ ಪೆಸಿಫಿಕ್ ಸಾಗರದ ದಂಡೆಯಲ್ಲಿ 12° ದಕ್ಷಿಣಕ್ಕಿದೆ. ಸುಮಾರು ಅದೇ ಅಕ್ಷಾಂಶದಲ್ಲಿ, ಖಂಡದ ಇನ್ನೊಂದು ಬದಿಗೆ, ಬ್ರೆಜಿಲ್‌ನ ಸಾಲ್ವಡಾರ್ ಇದೆ. ಸಾಲ್ವಡಾರ್‌ನಲ್ಲಿ ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆ ಸುರಿಯುತ್ತದೆ, ಲಿಮಾಕ್ಕೆ 20 ಮಿ.ಮೀ. ಕೂಡ ಸಿಗುವುದು ಕಷ್ಟ. ದಕ್ಷಿಣದಿಂದ ಹರಿದು ಬರುವ ಹಂಬೋಲ್ಟ್ ಶೀತಪ್ರವಾಹದ ಮೇಲಿನ ಗಾಳಿ ತಣ್ಣಗಾಗಿ ಕೆಳಗೇ ಉಳಿಯುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರವೊಂದು ಮುಚ್ಚಳದಂತೆ ಕೂತು ಮೋಡವನ್ನು ಎತ್ತರಕ್ಕೆ ಏರಗೊಡುವುದಿಲ್ಲ. ಪೂರ್ವದಿಂದ ಬರಬಹುದಾಗಿದ್ದ ತೇವವನ್ನು ಆಂಡಿಸ್ ಪರ್ವತಗಳು ಆಚೆಯೇ ತಡೆಯುತ್ತವೆ. ಬರಿಯ ಅಂಕಿ ನೋಡಿದ ವಿದ್ಯಾರ್ಥಿ ಲಿಮಾವನ್ನು ಬಿಸಿಲು ಧಗಧಗಿಸುವ ಮರುಭೂಮಿಯೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಅಲ್ಲಿ ಸೂರ್ಯ ಕಾಣುವುದೇ ಅಪರೂಪ. ಬೂದು ಬಣ್ಣದ ಮಂಜುಮೋಡ ಕವಿದಿರುತ್ತದೆ, ರಸ್ತೆ ತೇವಗೊಳ್ಳುವಷ್ಟು ಮಾತ್ರ ಹನಿ ಜಿನುಗುತ್ತದೆ, ನಗರದಂಚಿನ ಗುಡ್ಡಗಳ ಮೇಲೆ ಜನರು ಬಲೆಗಳನ್ನು ಕಟ್ಟಿ ಆ ಮಂಜಿನಿಂದ ನೀರು ಹಿಡಿಯುತ್ತಾರೆ. ಇಡೀ ನಗರದ ಬಾಯಾರಿಕೆ ತಣಿಸುವ ಹೊಣೆ ಮಾತ್ರ ಬಹುಮಟ್ಟಿಗೆ ಆಂಡಿಸ್‌ನಿಂದ ಇಳಿದು ಬರುವ ರಿಮಾಕ್ ನದಿಯದು.

ಉತ್ತರ 2: ಹೊಳೆದಂಡೆ

ಮೇಲಿನ ಉತ್ತರ ಹವಾಮಾನದ ಕಡೆಗೇ ವಾಲಿದೆ. ನಾನು ಟಿಪ್ಪಣಿಯ ಮೊದಲ ವಾಕ್ಯದಲ್ಲಿಯೇ ಎದುರಿಸುವ ಪ್ರಶ್ನೆ, ಈ ಊರು ಇಲ್ಲಿಯೇ ಏಕೆ ಹುಟ್ಟಿತು ಎಂಬುದು. ಅಕ್ಷಾಂಶ, ರೇಖಾಂಶಗಳು ಊರು ಎಲ್ಲಿದೆ ಎಂಬುದನ್ನಷ್ಟೇ ಹೇಳುತ್ತವೆ.

ಕಾಂಗೋ ನದಿಯ ದಂಡೆಯ ಕಿನ್ಶಾಸಾವನ್ನು ತೆಗೆದುಕೊಳ್ಳಿ. ಸುಮಾರು 1,700 ಕಿ.ಮೀ. ಮೇಲಿನ ಕಿಸಂಗಾನಿಯಿಂದ ಇಲ್ಲಿಯವರೆಗೆ ದೋಣಿಗಳು ನಿರಾತಂಕವಾಗಿ ಬರಬಹುದು. ಇಲ್ಲಿ ನದಿ ಮಲೇಬೊ ಎಂಬ ಅಗಲವಾದ ಮಡುವಾಗಿ ಹರಡಿಕೊಂಡು, ಆಮೇಲೆ ಇಕ್ಕಟ್ಟಾದ ಕಂದರಕ್ಕೆ ಇಳಿದು, ಮತಾದಿ ಬಂದರಿನವರೆಗೆ ಸುಮಾರು 350 ಕಿ.ಮೀ. ದೂರ ಜಲಪಾತ ಮತ್ತು ಭೋರ್ಗರೆವ ಸೆಳವುಗಳ ಸರಣಿಯಾಗುತ್ತದೆ. ಆದ್ದರಿಂದ ಒಳನಾಡಿನಿಂದ ಬಂದ ಸರಕನ್ನು ಇಲ್ಲಿ ಇಳಿಸಲೇಬೇಕು, ಕಡಲಿನ ಕಡೆಯಿಂದ ಬಂದದ್ದನ್ನು ಇಲ್ಲಿ ಏರಿಸಲೇಬೇಕು. 1898ರಲ್ಲಿ ಮತಾದಿಯಿಂದ ರೈಲು ಹಳಿ ಮುಗಿದದ್ದು ಈ ಅಡ್ಡಿಯನ್ನು ಬಳಸಿಕೊಂಡು ಹೋಗುವುದಕ್ಕಾಗಿಯೇ. ಅದೇ ಮಡುವಿನ ಎದುರು ದಂಡೆಯಲ್ಲಿ ಇನ್ನೊಂದು ದೇಶದ ರಾಜಧಾನಿ ಬ್ರಾಜವಿಲ್ ಇರುವುದೂ ಇದೇ ಕಾರಣಕ್ಕೆ. ಇಷ್ಟನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿದರೆ ಕಿನ್ಶಾಸಾ ಬೇರೆ ಯಾವ ಊರಿನೊಂದಿಗೂ ಬೆರೆತುಹೋಗುವುದಿಲ್ಲ. ಕಿಸಂಗಾನಿಯ ಟಿಪ್ಪಣಿಯೂ ಅರ್ಧ ಮುಗಿದಂತೆಯೇ, ಏಕೆಂದರೆ ಅದರ ಮೇಲಕ್ಕೆ ಬೊಯೋಮಾ ಜಲಪಾತಗಳು ದೋಣಿಗಳನ್ನು ಮತ್ತೆ ತಡೆಯುತ್ತವೆ.

ಎಲ್ಲ ಊರಿಗೂ ಇಂಥ ಸ್ಪಷ್ಟ ಕಾರಣ ಸಿಗುವುದಿಲ್ಲ, ನಿಜ. ರಾಜನೊಬ್ಬನ ಅಥವಾ ಸರ್ಕಾರದ ತೀರ್ಮಾನದಿಂದ ನಿಂತ ರಾಜಧಾನಿಗಳಿಗೆ ಭೂಗೋಳವನ್ನು ಬಲವಂತವಾಗಿ ಹೊಂದಿಸುವುದು ಬೇಡ.

ಉತ್ತರ 3: ಗಡಿರೇಖೆ

ವಿಸ್ತೀರ್ಣ ಮತ್ತು ಜನಸಂಖ್ಯೆಯ ಬಗ್ಗೆ ಒಂದೇ ಎಚ್ಚರಿಕೆ: ಯಾವ ಗಡಿಯ ಒಳಗಿನ ಲೆಕ್ಕ ಎಂಬುದನ್ನು ಹೇಳದಿದ್ದರೆ ಅವು ತಪ್ಪು ತಿಳಿವಳಿಕೆಗೆ ದಾರಿ. ಚೀನಾದ ಚೋಂಗ್‌ಚಿಂಗ್ 3.2 ಕೋಟಿ ಜನರ ನಗರವೆಂದು ಹಲವೆಡೆ ಬರೆದಿರುತ್ತದೆ. ಅದು 2020ರ ಜನಗಣತಿಯ ಸರಿಯಾದ ಅಂಕಿಯೇ. ಆದರೆ ಅದು ಸುಮಾರು 82,000 ಚದರ ಕಿ.ಮೀ. ಹರಡಿರುವ, ಬೆಟ್ಟ, ಗದ್ದೆ, ಹಳ್ಳಿಗಳನ್ನೆಲ್ಲ ಒಳಗೊಂಡ ಆಡಳಿತ ಘಟಕದ್ದು. ಆಸ್ಟ್ರಿಯಾ ದೇಶ ಅದಕ್ಕಿಂತ ಸ್ವಲ್ಪವಷ್ಟೇ ದೊಡ್ಡದು. ಇದಕ್ಕೆ ತದ್ವಿರುದ್ಧವಾಗಿ, ಹಳೆಯ ‘ಸಿಟಿ ಆಫ್ ಲಂಡನ್’ 3 ಚದರ ಕಿ.ಮೀ.ಯನ್ನೂ ಮುಟ್ಟುವುದಿಲ್ಲ, ಗ್ರೇಟರ್ ಲಂಡನ್ ಸುಮಾರು 1,570 ಚದರ ಕಿ.ಮೀ. ಇದೆ. ಜನಗಣತಿಯ ವರ್ಷವನ್ನೂ ಗಡಿಯ ಹೆಸರನ್ನೂ ಬರೆಯಲು ಜಾಗವಿಲ್ಲವೆಂದಾದರೆ ಅಂಕಿಯನ್ನೇ ಬಿಟ್ಟುಬಿಡಿ.

ನಕಾಶೆಪ್ರಿಯ:

ಮೂವರಿಗೂ ಧನ್ಯವಾದಗಳು. ನಾನು ಬರೆದಿಟ್ಟಿದ್ದ ಒಂದು ಕರಡನ್ನು ಹಾಗೆಯೇ ಹಾಕುತ್ತಿದ್ದೇನೆ. ಇದನ್ನು ಹೇಗೆ ತಿದ್ದುವಿರಿ?

“ಲಾ ಪಾಸ್ ಬೊಲಿವಿಯಾದ ರಾಜಧಾನಿ. ಆಂಡಿಸ್ ಪರ್ವತಗಳ ನಡುವೆ ಸಮುದ್ರಮಟ್ಟದಿಂದ ಸುಮಾರು 3,640 ಮೀಟರ್ ಎತ್ತರದಲ್ಲಿದೆ. ಎತ್ತರದ ಕಾರಣ ಇಲ್ಲಿನ ಹವೆ ವರ್ಷವಿಡೀ ತಂಪು. ನಗರದ ಹಿನ್ನೆಲೆಯಲ್ಲಿ ಇಲಿಮಾನಿ ಶಿಖರ ಮನೋಹರವಾಗಿ ಕಾಣುತ್ತದೆ.”

ಮಳೆನೆರಳು:

ಮೊದಲ ವಾಕ್ಯದಿಂದಲೇ ಆರಂಭಿಸೋಣ. ಸಂವಿಧಾನದ ಪ್ರಕಾರ ಬೊಲಿವಿಯಾದ ರಾಜಧಾನಿ ಸೂಕ್ರೆ. ಸರ್ಕಾರವೂ ಸಂಸತ್ತೂ ಕೆಲಸ ಮಾಡುವುದು ಲಾ ಪಾಸ್‌ನಲ್ಲಿ. ಹೀಗಾಗಿ ‘ಸರ್ಕಾರದ ಕೇಂದ್ರ’ ಎಂದರೆ ಸರಿಹೋಗುತ್ತದೆ.

ಎರಡನೆಯ ವಾಕ್ಯದ 3,640 ಮೀಟರ್ ತಪ್ಪಲ್ಲ, ಆದರೆ ಈ ಊರಿನ ಮಟ್ಟಿಗೆ ಒಂದೇ ಎತ್ತರವನ್ನು ಕೊಡುವುದೆಂದರೆ ಊರಿನ ಮುಖ್ಯ ಗುಣವನ್ನೇ ಮುಚ್ಚಿಟ್ಟಂತೆ. ಎತ್ತರದ ಪ್ರಸ್ಥಭೂಮಿಯ ಅಂಚನ್ನು ಚೊಕೆಯಾಪು ನದಿಯೂ ಅದರ ಉಪನದಿಗಳೂ ಕೊರೆದು ಮಾಡಿದ ಆಳವಾದ ಕಣಿವೆಯೊಳಗೆ ಲಾ ಪಾಸ್ ಇದೆ. ಕಣಿವೆಯ ಮೇಲಂಚಿನ ಸಮತಟ್ಟಿನಲ್ಲಿ, 4,000 ಮೀಟರ್‌ಗೂ ಮೇಲೆ, ಈಗ ಪ್ರತ್ಯೇಕ ನಗರವಾಗಿರುವ ಎಲ್ ಆಲ್ಟೊ ಇದೆ. ಅಲ್ಲಿಂದ ದಕ್ಷಿಣದ ಬಡಾವಣೆಗಳಿಗೆ ಇಳಿದರೆ ಎತ್ತರದಲ್ಲಿ ಹೆಚ್ಚುಕಡಿಮೆ 800 ಮೀಟರ್ ವ್ಯತ್ಯಾಸವಾಗುತ್ತದೆ, ಉಷ್ಣಾಂಶದಲ್ಲಿಯೂ ಕೆಲವು ಡಿಗ್ರಿಗಳ ಅಂತರ ಕಾಣುತ್ತದೆ. ಹಲವು ನಗರಗಳಲ್ಲಿ ಉಳ್ಳವರು ನೋಟ ಚೆನ್ನಾಗಿರುವ ಗುಡ್ಡದ ಮೇಲೆ ಮನೆ ಕಟ್ಟಿದರೆ, ಇಲ್ಲಿ ಅವರು ಗಾಳಿಯ ಬೀಸು ಕಡಿಮೆಯಿದ್ದು ಬೆಚ್ಚಗಿರುವ ತಗ್ಗಿನಲ್ಲಿದ್ದಾರೆ. 2014ರಿಂದ ಈ ಎರಡು ನಗರಗಳ ನಡುವೆ ತಂತಿಯ ಮೇಲೆ ತೂಗುಬುಟ್ಟಿಗಳ ಸಾರಿಗೆ ಓಡುತ್ತಿರುವುದು ಪ್ರವಾಸಿಗರ ಮೋಜಿಗಲ್ಲ, ಆ ಕಡಿದಾದ ಗೋಡೆಯಲ್ಲಿ ರಸ್ತೆಗಳು ಸುತ್ತಿ ಸುತ್ತಿ ಏರಬೇಕಾಗಿರುವುದರಿಂದ.

‘ವರ್ಷವಿಡೀ ತಂಪು’ ಎಂಬ ಮಾತೂ ಸಾಲದು. ಉಷ್ಣವಲಯದ ಎತ್ತರದ ಊರುಗಳಲ್ಲಿ ತಿಂಗಳು ತಿಂಗಳಿಗೆ ಆಗುವ ಬದಲಾವಣೆಗಿಂತ ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ ಇರುವ ಅಂತರವೇ ದೊಡ್ಡದು. ತೆಳುವಾದ ಗಾಳಿಯಲ್ಲಿ ಬಿಸಿಲು ಚುರುಗುಟ್ಟುತ್ತದೆ, ಸೂರ್ಯ ಮರೆಯಾದೊಡನೆ ನೆಲ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಇನ್ನು ‘ಮನೋಹರವಾಗಿ’ ಎಂಬುದನ್ನು ತೆಗೆದು, ಆಗ್ನೇಯ ದಿಕ್ಕಿನಲ್ಲಿ 6,400 ಮೀಟರ್‌ಗೂ ಮೀರಿದ, ಹಿಮ ಹೊದ್ದ ಇಲಿಮಾನಿ ಇದೆ ಎಂದಿಷ್ಟೇ ಬರೆಯಿರಿ. ಅಷ್ಟು ಎತ್ತರದಲ್ಲಿರುವ ಊರಿಗೂ ಇನ್ನೂ ಎರಡೂವರೆ ಸಾವಿರ ಮೀಟರ್‌ಗಿಂತ ಮೇಲೆದ್ದು ನಿಂತ ಶಿಖರ ಎಂಬುದು ಓದುವವರಿಗೆ ತಾನೇ ಹೊಳೆಯುತ್ತದೆ.

ನಕಾಶೆಪ್ರಿಯ:

ಕರಡನ್ನು ಪೂರ್ತಿ ಹೊಸದಾಗಿ ಬರೆಯುತ್ತೇನೆ. ಎತ್ತರದ ಮಾತು ಬಂದದ್ದರಿಂದ ಇನ್ನೊಂದು ಸಂದೇಹ: ಅಜರ್‌ಬೈಜಾನ್‌ನ ಬಾಕು ಕಡಲ ದಂಡೆಯಲ್ಲಿದ್ದೂ ಸಮುದ್ರಮಟ್ಟಕ್ಕಿಂತ 28 ಮೀಟರ್ ಕೆಳಗಿದೆ ಎಂದು ಬರೆದರೆ ಮಕ್ಕಳು ಗೊಂದಲಪಡುವುದಿಲ್ಲವೇ?

ಹೊಳೆದಂಡೆ:

ಗೊಂದಲವಾಗಲಿ, ಅದನ್ನು ಬಿಡಿಸುವ ಒಂದು ವಾಕ್ಯವೇ ಬಾಕುವಿನ ಒಳ್ಳೆಯ ಪರಿಚಯವಾಗುತ್ತದೆ. ಸಮುದ್ರಮಟ್ಟ ಎಂದರೆ ಒಂದಕ್ಕೊಂದು ಕೂಡಿಕೊಂಡಿರುವ ಮಹಾಸಾಗರಗಳ ಸರಾಸರಿ ಮಟ್ಟ. ಕ್ಯಾಸ್ಪಿಯನ್ ಹೆಸರಿಗೆ ಸಮುದ್ರವಾದರೂ ಹೊರದಾರಿಯಿಲ್ಲದ ಜಲರಾಶಿ. ವೋಲ್ಗಾ ಮೊದಲಾದ ನದಿಗಳು ತರುವ ನೀರಿಗೂ ಆವಿಯಾಗಿ ಹೋಗುವ ನೀರಿಗೂ ಹೊಂದಿಕೆಯಾಗುವಲ್ಲಿ ಅದರ ಮೇಲ್ಮೈ ನಿಲ್ಲುತ್ತದೆ, ಆ ಜಾಗ ಮಹಾಸಾಗರದ ಮಟ್ಟಕ್ಕಿಂತ ಕೆಳಗಿದೆ. ಆದ್ದರಿಂದ ಅದರ ದಂಡೆಯಲ್ಲಿರುವ ನಗರದ ತಗ್ಗಿನ ಭಾಗವೂ ಕೆಳಗೇ ಇದೆ. ಇತ್ತೀಚಿನ ದಶಕಗಳಲ್ಲಿ ಕ್ಯಾಸ್ಪಿಯನ್‌ನ ನೀರು ಇಳಿಯುತ್ತಿರುವುದರಿಂದ ‘28 ಮೀಟರ್’ ಎಂಬುದನ್ನು ನಗರದ ಎತ್ತರವಾಗಿ ಮಾತ್ರ ಬರೆಯಿರಿ, ನೀರಿನ ಮಟ್ಟವಾಗಿ ಬರೆಯುವುದಾದರೆ ಅಳತೆಯ ವರ್ಷವನ್ನೂ ಜೊತೆಗೆ ಕೊಡಿ.