ಬೇಸಿಗೆ ಕ್ಯಾಂಪ್: ಆಟದ ನಡುವೆ ನೀರು ಕುಡಿಯಬಾರದಾ?

ಬಿಸಿಲೂರಿನ ಅಮ್ಮ
ನಾವಿರೋದು ಕಲಬುರಗಿ. ಹತ್ತು ವರ್ಷದ ಮಗನನ್ನು ಕ್ರಿಕೆಟ್ ಕ್ಯಾಂಪಿಗೆ ಸೇರಿಸಿದ್ದೇವೆ. ಬೆಳಿಗ್ಗೆ ಏಳಕ್ಕೆ ಶುರುವಾದರೆ ಮುಗಿಯುವಾಗ ಹತ್ತು, ಅಷ್ಟೊತ್ತಿಗೆ ಇಲ್ಲಿ ಬಿಸಿಲು ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಮಧ್ಯೆ ನೀರು ಕುಡಿದರೆ ಹೊಟ್ಟೆ ಹಿಡಿಯುತ್ತದೆ, ಮುಗಿದ ಮೇಲೆ ಕುಡೀರಿ ಅಂತಾರೆ ಕೋಚ್. ಬಾಟಲಿ ಹೋದ ಹಾಗೇ ತುಂಬಿಕೊಂಡು ವಾಪಸ್ ಬರುತ್ತದೆ. ಮಗ ಬಂದವನೇ ತಲೆನೋವು ಅಂತ ಮಲಗಿಬಿಡುತ್ತಾನೆ. ಅದೇ ಮೈದಾನದಲ್ಲಿ ಓಡುವ ನಮ್ಮ ಯಜಮಾನರದು ಉಲ್ಟಾ. ಹೊರಡುವಾಗಲೇ ಒಂದು ಲೀಟರ್ ಗಟಗಟ ಕುಡಿದು ಹೋಗ್ತಾರೆ. ಇಬ್ಬರಿಗೂ ಲೆಕ್ಕ ಏನು? ಎಲೆಕ್ಟ್ರಾಲ್ ದಿನಾ ಕೊಡಬಹುದಾ?

ಕಬಡ್ಡಿ ಮೇಷ್ಟ್ರು
ಮೇಡಂ, ಆ ಮಾತು ನಮ್ಮ ಕಾಲದ್ದು. ಒಂದೇ ಸಲ ಹೊಟ್ಟೆ ತುಂಬ ಕುಡಿದು ಓಡಿದರೆ ಹಿಡಿಯುತ್ತದೆ, ನಿಜ. ಆಗಾಗ ಸ್ವಲ್ಪ ಸ್ವಲ್ಪ ಕುಡಿದರೆ ಏನೂ ಆಗಲ್ಲ. ನಿಮ್ಮ ಮಗನ ವಯಸ್ಸಿಗೆ 20 ನಿಮಿಷಕ್ಕೊಮ್ಮೆ 100ರಿಂದ 250 ಮಿ.ಲೀ., ಅಂದರೆ ಅರ್ಧ ಲೋಟದಿಂದ ಒಂದು ಲೋಟ. ಹೈಸ್ಕೂಲ್ ಹುಡುಗರಿಗೆ ಬಿಸಿಲಲ್ಲಿ ಗಂಟೆಗೆ ಒಂದು ಲೀಟರ್ ಮೇಲೂ ಬೇಕಾಗಬಹುದು.

ಬಾಯಾರಿದಾಗ ಕುಡೀಲಿ ಅಂತ ಮಕ್ಕಳಿಗೇ ಬಿಟ್ಟರೆ ನಡೆಯಲ್ಲ. ಪ್ಯಾಡ್ ಕಟ್ಟಿಕೊಂಡು ತನ್ನ ಬ್ಯಾಟಿಂಗ್ ಯಾವಾಗ ಬರುತ್ತೋ ಅಂತ ಕಾಯುವ ಹುಡುಗ ಬಾಟಲಿ ಕಡೆ ತಿರುಗಿಯೂ ನೋಡಲ್ಲ. ನಾನು ಸೀಟಿ ಊದಿ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಕುಡಿಸುತ್ತೇನೆ, ಆಗ ಯಾರ ಸರದಿಯೂ ತಪ್ಪಲ್ಲ, ಕುಡಿಯೋಕೆ ಹೋದವನು ಸೋಮಾರಿ ಅಂತಲೂ ಅನ್ನಿಸಿಕೊಳ್ಳಲ್ಲ. ಇನ್ನೊಂದು ವಿಷಯ ಯಾರೂ ಮಾತಾಡಲ್ಲ. ಹೆಣ್ಮಕ್ಕಳು ಬೇಕಂತಲೇ ಕುಡಿಯಲ್ಲ. ಎಷ್ಟೋ ಮೈದಾನಗಳಲ್ಲಿ ಟಾಯ್ಲೆಟ್ ಇರಲ್ಲ, ಇದ್ದರೂ ಬೀಗ. ಆ ಕೀಲಿ ತರಿಸದೆ ‘ನೀರು ಕುಡೀರಮ್ಮ’ ಅನ್ನೋದು ಸುಮ್ನೆ.

ಕಬ್ಬನ್ ಪಾರ್ಕ್ ಓಟ
ಯಜಮಾನರಿಗೆ ತೂಕ ನೋಡಿಕೊಳ್ಳೋಕೆ ಹೇಳಿ. ಓಡುವ ಮುಂಚೆ ಒಮ್ಮೆ, ಬಂದು ಬೆವರು ಒರೆಸಿಕೊಂಡು ಇನ್ನೊಮ್ಮೆ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ ಅಂತ. ಇಳಿಕೆ 2% ದಾಟಬಾರದು, 70 ಕಿಲೋ ಇದ್ದವರಿಗೆ ಅದು 1.4 ಕಿಲೋ. ತೂಕ ಏರಿದ್ದರೆ? ಅದು ಇನ್ನೂ ಅಪಾಯ, ನೀರು ಜಾಸ್ತಿಯಾಗಿ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿಯಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ನೋಡಿದಾಗ 13% ಜನರಿಗೆ ಹೀಗಾಗಿತ್ತು, ಓಡುತ್ತಾ ಕುಡಿದು ಕುಡಿದು ತೂಕ ಏರಿಸಿಕೊಂಡವರಲ್ಲೇ ಜಾಸ್ತಿ. ಎದ್ದ ಕೂಡಲೇ ಒಂದು ಲೋಟ, ಹೊರಡುವಾಗ ಅರ್ಧ, ಆಮೇಲೆ ಬಾಯಾರಿದ ಹಾಗೆ. ದೊಡ್ಡವರು ತಮ್ಮ ಬಾಯಾರಿಕೆಯನ್ನು ನಂಬಬಹುದು.

ಮಕ್ಕಳ ವಾರ್ಡ್ ನರ್ಸ್
ಎಲೆಕ್ಟ್ರಾಲ್ ಥರದ ಓಆರ್‌ಎಸ್ ಪುಡಿ ಇರೋದು ವಾಂತಿ ಭೇದಿಗೆ, ದಿನಾ ಆಟಕ್ಕೆ ಬೇಡ. ಒಂದು ಗಂಟೆ ಆಟಕ್ಕೆ ಬರೀ ನೀರು ಸಾಕು. ಮೂರು ಗಂಟೆ, ಅದೂ ನಿಮ್ಮೂರ ಬಿಸಿಲಲ್ಲಿ ಅಂದರೆ ಸ್ವಲ್ಪ ಉಪ್ಪೂ ಹೋಗಬೇಕು. ಒಂದು ಬಾಟಲಿ ನೀರು, ಇನ್ನೊಂದರಲ್ಲಿ ಉಪ್ಪು ಹಾಕಿದ ನೀರುಮಜ್ಜಿಗೆ ಅಥವಾ ಉಪ್ಪು-ಸಕ್ಕರೆಯ ನಿಂಬೆ ಶರಬತ್ತು ಕಳಿಸಿ. ರುಚಿ ಇದ್ದರೆ ಮಕ್ಕಳು ತಾವಾಗೇ ಜಾಸ್ತಿ ಕುಡಿಯುತ್ತಾರೆ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ.

ಯಾವಾಗಲಾದರೂ ಓಆರ್‌ಎಸ್ ಕೊಡುವುದಾದರೆ 20.5 ಗ್ರಾಂ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೆ ಕಲಸಿ. ಅರ್ಧ ಲೋಟಕ್ಕೆ ಅಂದಾಜಿನಲ್ಲಿ ಉದುರಿಸಬೇಡಿ. 24 ಗಂಟೆ ಆದರೆ ಚೆಲ್ಲಿ. ಅಂಗಡಿಯ ಬಣ್ಣದ ಡಬ್ಬಿಗಳ ಮೇಲಿನ ಹೆಸರು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಕ್ಕೆ ‘ಓಆರ್‌ಎಸ್’ ಅಂತ ಬರೆಯಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಹೇಳಿತಲ್ವಾ.

ತಲೆನೋವು ಬಂದ ದಿನ ಮೂತ್ರದ ಬಣ್ಣ ಕೇಳಿ. ಗಾಢ ಹಳದಿ ಇದ್ದರೆ ನೀರು ಸಾಲದು. ನೀರು ಸರಿಯಾಗಿ ಕುಡಿದ ಮೇಲೂ ತಲೆನೋವು ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಆಡುತ್ತಿದ್ದವನು ಸಂಬಂಧವಿಲ್ಲದ ಮಾತಾಡಿದರೆ, ತೂರಾಡಿದರೆ ತಡ ಮಾಡಬೇಡಿ. ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಎಚ್ಚರ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಬಿಸಿಲೂರಿನ ಅಮ್ಮ
ಮೇಷ್ಟ್ರೇ, ಸೀಟಿ ಉಪಾಯ ಚೆನ್ನಾಗಿದೆ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆಗೆದು 1:30ಕ್ಕೆ ಮುಗಿಸುತ್ತವೆ, ಮಕ್ಕಳ ಕ್ಯಾಂಪನ್ನು ಐದೂವರೆಗೆ ಶುರು ಮಾಡೋಕೆ ಏನು ಕಷ್ಟ? ನಾಲ್ಕೈದು ಜನ ತಾಯಂದಿರು ಒಟ್ಟಿಗೆ ಹೋಗಿ ಕೇಳುತ್ತೇವೆ. ಟಾಯ್ಲೆಟ್ ಕೀಲಿಯದೂ.