ಬೆಂಚ್ ಸೀಟಿನ ಅಂಬಾಸಿಡರ್‌ಗೆ ಗುಜರಿ ಗಾಡಿಯ ಬಕೆಟ್ ಸೀಟು ಕೂರುತ್ತದಾ?

ಸಿರುಗುಪ್ಪದ ಅಂಬಿ:

ಎಲ್ಲರಿಗೂ ನಮಸ್ಕಾರ. ನಮ್ಮದು 1978ರ ಮಾರ್ಕ್ 3 ಅಂಬಾಸಿಡರ್. ಅಜ್ಜ ತಂದಿದ್ದು, ಈಗ ಅಪ್ಪ ಓಡಿಸುತ್ತಾರೆ. ದಿನಾ ಹೊಲಕ್ಕೆ, ಆಗಾಗ ಬಳ್ಳಾರಿಗೆ. 1489 ಸಿಸಿ ಪೆಟ್ರೋಲ್ ಎಂಜಿನ್, ಅದಕ್ಕೇನೂ ರೋಗ ಇಲ್ಲ. ರೋಗ ಇರುವುದು ಒಳಗಡೆ.

ಮುಂದಿನ ಬೆಂಚ್ ಸೀಟು ಡ್ರೈವರ್ ಕಡೆ ಪೂರ್ತಿ ಕುಸಿದಿದೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ಇಳಿಯಬೇಕಾದರೆ ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಬಾಗಿಲ ಮೇಲೆ. ರೆಕ್ಸಿನ್ ಬಿರಿದು ಸ್ಪ್ರಿಂಗ್ ಚುಚ್ಚುತ್ತದೆ. ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದರಂತೂ ಮುಗೀತು, ಕೂತ ತಕ್ಷಣ ತೊಡೆ ಸುಡುತ್ತದೆ. ಬಿಳಿ ಟವೆಲ್ ಹಾಸಿದ್ದೇವೆ. ನೋಡಿದವರು ತಹಶೀಲ್ದಾರರು ಬಂದರು ಅಂದುಕೊಳ್ಳುತ್ತಾರೆ.

ಈಗ ಗಂಗಾವತಿ ಹತ್ತಿರ ಒಂದು ಅಕ್ಕಿ ಗಿರಣಿಯ ಹಿಂದೆ ಅಂಬಾಸಿಡರ್ 1800 ಐಎಸ್‌ಜೆಡ್ ಸಿಕ್ಕಿದೆ. ಅದೇ, ಇಸುಜು ಎಂಜಿನ್, ಐದು ಗೇರಿನ ಗಾಡಿ. ಎಂಜಿನ್ ಯಾರೋ ಆಗಲೇ ಬಿಚ್ಚಿಕೊಂಡು ಹೋಗಿದ್ದಾರೆ. ಗೇರ್‌ಬಾಕ್ಸ್ ಇದೆ. ಬಕೆಟ್ ಸೀಟು, ಅಂದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಸೀಟು, ಎರಡೂ ಇವೆ, ಡೋರ್ ಪ್ಯಾಡ್, ಮೀಟರ್ ಎಲ್ಲಾ ಇದೆ. ಬರೀ ಸೀಟು ಕೊಡಿ ಅಂದರೆ ಕೊಡುತ್ತಿಲ್ಲ. "ಇಡೀ ಗಾಡಿ ಎತ್ತಿಕೊಂಡು ಹೋಗಿ, ಮೂವತ್ತು ಸಾವಿರ" ಅನ್ನುತ್ತಾರೆ.

ಸೀಟು ನಮ್ಮ ಗಾಡಿಗೆ ಕೂರುತ್ತದಾ? ಮೀಟರ್ ಬದಲಿಸಬಹುದಾ? ಹೇಗೂ ಗೇರ್‌ಬಾಕ್ಸ್ ಇದೆಯಲ್ಲ, ಸ್ಟೇರಿಂಗ್ ಪಕ್ಕ ರಾಡ್ ಇರುವ ಸ್ಟೇರಿಂಗ್ ಗೇರ್ ತೆಗೆದು, ನೆಲದಿಂದ ರಾಡ್ ಬರುವ ಫ್ಲೋರ್ ಗೇರ್ ಮಾಡಿಬಿಡಲಾ? ಅಪ್ಪನಿಗೆ ಇನ್ನೂ ಹೇಳಿಲ್ಲ.

ಕೊಪ್ಪಳ 37:

ಬ್ರದರ್, ಮೂವತ್ತು ಸಾವಿರಕ್ಕೆ ಇಡೀ ಐಎಸ್‌ಜೆಡ್ ಅಂದರೆ ಯೋಚನೆ ಮಾಡುವುದೇ ಬೇಡ, ಟ್ರಾಲಿ ತಗೊಂಡು ಹೋಗಿ. ಬಕೆಟ್ ಸೀಟು, ಫ್ಲೋರ್ ಗೇರ್, ಕನ್ಸೋಲ್ ಎಲ್ಲಾ ಹಾಕಿಸಿ. ಒಳಗೆ ಕೂತರೆ ಬೇರೆ ಗಾಡಿನೇ ಅನಿಸಬೇಕು. ಫೋಟೋ ಹಾಕಿ.

ರಾಯಚೂರು ಟಿಂಕರ್:

ತಮ್ಮಾ, ಗಾಡಿ ತಗೋ. ಆದರೆ ಕೊಪ್ಪಳದ ಹುಡುಗ ಹೇಳಿದ ಹಾಗೆ ಎಲ್ಲಾ ಹಾಕಿಸಬೇಡ.

ಮೊದಲು ಫ್ಲೋರ್ ಗೇರ್ ಆಸೆ ಬಿಡು. ಆ ಗೇರ್‌ಬಾಕ್ಸ್ ಇಸುಜು ಎಂಜಿನ್ನಿಗೆ ಮಾಡಿದ್ದು. ನಿನ್ನ ಎಂಜಿನ್ನಿನ ಹಿಂದೆ ನೇರ ಕೂರುವುದಿಲ್ಲ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಬೆಲ್ ಹೌಸಿಂಗ್ ಬೇರೆ. ಕೂರಿಸಲೇಬೇಕು ಅಂದರೆ ಅಡಾಪ್ಟರ್ ಪ್ಲೇಟ್ ಬೇಕು, ಪ್ರೊಪೆಲ್ಲರ್ ಶಾಫ್ಟ್ ಉದ್ದ ಬದಲಾಗುತ್ತದೆ, ಮೌಂಟಿಂಗ್ ಬದಲಾಗುತ್ತದೆ. ಕೊನೆಗೆ ಗೇರ್ ರಾಡ್ ಮೇಲೆ ಬರಲು ನೆಲದ ನಡುವೆ ಉಬ್ಬಿರುವ ಟನಲ್ ಕೊರೆಯಬೇಕು. ನಲವತ್ತು ವರ್ಷ ದಾಟಿದ ತಗಡು ಅದು. ಒಮ್ಮೆ ಕೊರೆದರೆ ಅಲ್ಲಿಂದ ತುಕ್ಕು ಶುರು. ಸ್ಟೇರಿಂಗ್ ಗೇರ್ ಲೂಸ್ ಇದ್ದರೆ ಲಿಂಕೇಜಿನ ಬುಷ್ ಹಾಕಿಸು, ಬೆಣ್ಣೆ ಹಾಗೆ ಬೀಳುತ್ತದೆ.

ಸೀಟು ಕೂರುತ್ತದೆ, ಆದರೆ ತಂದು ಇಟ್ಟು ಬೋಲ್ಟ್ ಬಿಗಿದರೆ ಆಯಿತು ಅಂತಲ್ಲ. ಅಂಬಾಸಿಡರ್ ಬಾಡಿ ಕಡೆಯವರೆಗೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಅಗಲಕ್ಕೆ ತೊಂದರೆ ಇಲ್ಲ. ಬೆಂಚಿನ ರೈಲಿನ ತೂತು ಬೇರೆ, ಬಕೆಟ್ ರೈಲಿನ ತೂತು ಬೇರೆ. ಇಲ್ಲೇ ಜನ ಡ್ರಿಲ್ ಹಿಡಿದು ನೆಲಕ್ಕೆ ಹೊಸ ತೂತು ಹೊಡೆಯುವುದು. ನೀನು ಹೊಡೆಯಬೇಡ. ದಪ್ಪ ಪಟ್ಟಿಯಲ್ಲಿ ಒಂದು ಫ್ರೇಮ್ ಮಾಡಿಸು. ಅದರ ಕೆಳಗಿನ ತೂತು ಹಳೆ ಬೆಂಚಿನ ಬೋಲ್ಟಿಗೆ, ಮೇಲಿನ ತೂತು ಬಕೆಟ್ ರೈಲಿಗೆ. ನಾಳೆ ಬೇಡ ಅನಿಸಿದರೆ ಬಿಚ್ಚಿ ಬೆಂಚ್ ಹಾಕಬಹುದು. ಬೆಂಚನ್ನು ಗುಜರಿಗೆ ಹಾಕಬೇಡ, ಅಟ್ಟದ ಮೇಲಿಡು.

ಫ್ರೇಮ್ ಹಾಕಿದರೆ ಸೀಟು ಸ್ವಲ್ಪ ಎತ್ತರ ಆಗುತ್ತದೆ. ನಿಮ್ಮ ಅಪ್ಪನ ಮಂಡಿಗೆ ಅದೇ ಒಳ್ಳೆಯದು. ಆದರೆ ಅಂಬಾಸಿಡರ್ ಸ್ಟೇರಿಂಗ್ ಚಕ್ರ ದೊಡ್ಡದು, ಜಾಸ್ತಿ ಎತ್ತರ ಮಾಡಿದರೆ ತೊಡೆ ಸಿಕ್ಕಿಕೊಳ್ಳುತ್ತದೆ. ವೆಲ್ಡಿಂಗ್ ಮಾಡುವ ಮೊದಲು ಸೀಟಿನ ಕೆಳಗೆ ಮರದ ತುಂಡು ಇಟ್ಟು, ಅವರನ್ನೇ ಕೂರಿಸಿ, ಕ್ಲಚ್ ಒತ್ತಿಸಿ ನೋಡು. ಹೇಳದೆ ಮಾಡಿಸುವ ಕೆಲಸ ಅಲ್ಲ ಇದು.

ಸೀಟ್ ಬೆಲ್ಟ್ ಮಾತ್ರ ಆ ಪಟ್ಟಿಗೆ ಬಿಗಿಯಬೇಡ. ಬೆಲ್ಟಿನ ಬೋಲ್ಟ್ ಬಾಡಿಯ ಗಟ್ಟಿ ಜಾಗಕ್ಕೇ ಹೋಗಬೇಕು, ಹಿಂದಿನಿಂದ ಪ್ಲೇಟ್ ಕೊಟ್ಟು. ಗುಜರಿ ಗಾಡಿಯ ಬೆಲ್ಟ್ ಬೇಡ, ಬಿಸಿಲಿಗೆ ನೂಲು ಸತ್ತಿರುತ್ತದೆ. ಹೊಸದು ತಗೋ.

ಮೀಟರ್ ಬಗ್ಗೆ. ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸಿನಿಂದ ತಿರುಗುತ್ತದೆ. ಬೇರೆ ಗೇರ್‌ಬಾಕ್ಸಿನ ಮೀಟರ್ ಹಾಕಿದರೆ ಓಟ ತಪ್ಪು ತೋರಿಸುವುದು ಗ್ಯಾರಂಟಿ. ಪೆಟ್ರೋಲ್ ಮುಳ್ಳು ಟ್ಯಾಂಕಿನ ಫ್ಲೋಟಿಗೆ ಹೊಂದಬೇಕು, ಟೆಂಪರೇಚರ್ ಮುಳ್ಳು ಅದರ ಸೆನ್ಸರಿಗೆ ಹೊಂದಬೇಕು. ಅಷ್ಟೆಲ್ಲಾ ಯಾಕೆ? ಡ್ಯಾಶ್‌ಬೋರ್ಡ್ ನಿನ್ನದೇ ಇರಲಿ, ಅದರಲ್ಲೇ ಗಾಡಿಯ ಮುಖ ಇರುವುದು. ಆ ಗಾಡಿಯಿಂದ ಯಾವುದೇ ಕರೆಂಟ್ ಸಾಮಾನು ತಂದರೂ, ಜೋಡಿಸುವ ಮೊದಲು ನಿನ್ನ ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಹೋಗಿದೆ ನೋಡು. ಹಳೆ ಇಂಗ್ಲಿಷ್ ಡಿಸೈನಿನ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್, ಅಂದರೆ ಪ್ಲಸ್ ಟರ್ಮಿನಲ್ ಬಾಡಿಗೆ, ಇರುತ್ತಿತ್ತು.

ಹಾಗಾದರೆ ಮೂವತ್ತು ಸಾವಿರ ಯಾಕೆ ಕೊಡಬೇಕು? ಸಣ್ಣ ಸಾಮಾನಿಗೆ. ಕಿಟಕಿ ಏರಿಸುವ ಮೆಷಿನ್, ಡೋರ್ ಲಾಕ್, ಹ್ಯಾಂಡಲ್, ಸನ್ ವೈಸರ್, ರೂಫ್ ಲೈಟ್, ಬೀಡಿಂಗ್ ಕ್ಲಿಪ್ಪು, ಸ್ಕ್ರೂ. ಕಂಪನಿ 2014ರಲ್ಲೇ ಉತ್ತರಪಾರಾದಲ್ಲಿ ಅಂಬಾಸಿಡರ್ ನಿಲ್ಲಿಸಿತು. ಸೀಟು ಯಾರು ಬೇಕಾದರೂ ಹೊಲಿದು ಕೊಡುತ್ತಾರೆ, ಕ್ಲಿಪ್ಪು ಯಾರು ಕೊಡುತ್ತಾರೆ? ಬಿಚ್ಚುವಾಗ ಒಂದೊಂದು ಬಾಗಿಲಿನದು ಒಂದೊಂದು ಡಬ್ಬಿಗೆ ಹಾಕು. ಇಪ್ಪತ್ತೈದರಿಂದ ಚೌಕಾಸಿ ಶುರು ಮಾಡು. ಎಂಜಿನ್ ಇಲ್ಲದ ಗಾಡಿ ತಾನೇ.

ಸಿರುಗುಪ್ಪದ ಅಂಬಿ:

ಕಾಕಾ, ದೊಡ್ಡ ಉಪಕಾರ. ಟನಲ್ ಮುಟ್ಟುವುದಿಲ್ಲ. ಇವತ್ತು ಹೋಗಿ ಮತ್ತೆ ನೋಡಿದೆ. ಗಿರಣಿ ಅಂದಮೇಲೆ ಇಲಿ ಇರಲೇಬೇಕಲ್ಲ, ವೈರಿಂಗ್ ಅರ್ಧ ತಿಂದಿವೆ. ಸೀಟಿನ ಕಬ್ಬಿಣದ ಫ್ರೇಮ್, ರೈಲು ಗಟ್ಟಿ ಇವೆ. ಸ್ಪಂಜು ಪುಡಿಪುಡಿ, ಒಳಗೆ ಭತ್ತದ ಹೊಟ್ಟು. ಹೊಲಿಗೆ ಯಾರ ಹತ್ತಿರ ಮಾಡಿಸಲಿ? ರೆಕ್ಸಿನ್ ಮತ್ತೆ ಬೇಡವೇ ಬೇಡ.

ಕೌಲ್ ಬಜಾರ್ ಸೂಜಿ:

ಅಣ್ಣಾ, ಬಳ್ಳಾರಿಗೆ ಬನ್ನಿ. ನಮ್ಮದು ಜೀನ್ಸ್ ಹೊಲಿಗೆ. ದಪ್ಪ ಬಟ್ಟೆ ನಾಲ್ಕು ಪದರ ಒಟ್ಟಿಗೆ ಹೊಲಿಯುವ ಮೆಷಿನ್ ಇಲ್ಲಿ ಮನೆಮನೆಯಲ್ಲಿದೆ. ಸೀಟಿಗೆ ಡೆನಿಮ್ ಹಾಕಿಸಿ. ಗಾಳಿ ಆಡುತ್ತದೆ, ರೆಕ್ಸಿನ್ ಹಾಗೆ ಸುಡುವುದಿಲ್ಲ. ಒಂದು ಎಚ್ಚರಿಕೆ: ವಾಷಿಂಗ್ ಆಗದ ಬಟ್ಟೆ ತಗೋಬೇಡಿ, ಬೆವರಿಗೆ ಬಣ್ಣ ಬಿಡುತ್ತದೆ. ಅಪ್ಪಾಜಿ ಬಿಳಿ ಪಂಚೆ ಉಡುವವರಾದರೆ ಬಳ್ಳಾರಿ ತಲುಪುವಷ್ಟರಲ್ಲಿ ನೀಲಿ ಪಂಚೆ ಆಗಿರುತ್ತದೆ. ಹೊಲಿಯುವ ಮೊದಲೇ ವಾಷಿಂಗ್ ಮಾಡಿಸಿ, ಕುಗ್ಗುವುದೆಲ್ಲಾ ಆಗಲೇ ಕುಗ್ಗಿಬಿಡುತ್ತದೆ.

ಹಳೆ ಕವರ್ ಹರಿದಿದ್ದರೂ ಬಿಸಾಡಬೇಡಿ. ಹೊಲಿಗೆ ಬಿಚ್ಚಿ ಒಂದೊಂದು ತುಂಡನ್ನೂ ತನ್ನಿ, ಅದನ್ನೇ ಇಟ್ಟು ಅಳತೆ ಕತ್ತರಿಸುತ್ತೇವೆ. ಸ್ಪಂಜಿನ ಕೆಲಸ ನಮಗೆ ಬರುವುದಿಲ್ಲ, ಅದು ಕುಷನ್ ಅಂಗಡಿಯವರದು. ಕೆಳಗೆ ಗಟ್ಟಿ ಫೋಮ್, ಮೇಲೆ ತೆಳ್ಳಗೆ ಮೆತ್ತನೆಯದು ಅಂತ ಹೇಳಿ ಹಾಕಿಸಿ. ಪೂರ್ತಿ ಮೆತ್ತಗೆ ಹಾಕಿಸಿದರೆ ಮತ್ತೆ ಕುಸಿತ.

ಹೊಸಪೇಟೆ ಪೇಪರ್ ಕೆಲಸ:

ಕಾಗದದ ವಿಷಯ ಯಾರೂ ಎತ್ತಲಿಲ್ಲ, ಹಾಗಾಗಿ ನಾನು. ಗುಜರಿ ಗಾಡಿ ತಗೊಳ್ಳುವ ಮೊದಲು ಆರ್‌ಸಿ ಯಾರ ಹೆಸರಲ್ಲಿದೆ, ರದ್ದಾಗಿದೆಯಾ ಕೇಳಿ. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಗಾಡಿ ಹಾಳಾದರೆ ಅಥವಾ ಬಳಸಲು ಬಾರದ ಹಾಗೆ ಆದರೆ ಓನರ್ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಅದು ಆಗದೆ ನಿಮ್ಮ ಅಂಗಳಕ್ಕೆ ಬಂದರೆ ನಾಳೆ ತಲೆನೋವು ನಿಮ್ಮದು. ಬಿಳಿ ಹಾಳೆಯಲ್ಲಾದರೂ ಚಾಸಿ ನಂಬರ್ ಸಮೇತ ಮಾರಾಟದ ರಸೀದಿ ಬರೆಸಿಕೊಳ್ಳಿ.

ಇನ್ನೊಂದು. 2021ರ ವಿಂಟೇಜ್ ನಿಯಮದಲ್ಲಿ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗೆ ಬೇರೆ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ. ನಿಮ್ಮದು 1978ರಲ್ಲೇ ನೋಂದಣಿ ಆಗಿದ್ದರೆ 2028ಕ್ಕೆ 50. ಚಾಸಿ, ಬಾಡಿ, ಎಂಜಿನ್ ಮೂಲದ ಹಾಗೇ ಇರಬೇಕು ಅನ್ನುವುದು ಷರತ್ತು. ಟಿಂಕರ್ ಕಾಕಾ ಟನಲ್ ಕೊರೆಯಬೇಡ ಅಂದಿದ್ದು ಇಲ್ಲೂ ಕೆಲಸಕ್ಕೆ ಬರುತ್ತದೆ. ಆದರೆ ವಿಂಟೇಜ್ ಮಾಡಿಸಿದ ಮೇಲೆ ದಿನಾ ಹೊಲಕ್ಕೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಅಂತ ಮಾತ್ರ ರಸ್ತೆಗಿಳಿಸಬಹುದು. ನಿಮಗೆ ಮಾಮೂಲಿ ರಿನ್ಯೂವಲ್ಲೇ ಸರಿ ಅನಿಸುತ್ತದೆ.

ಕೊಪ್ಪಳ 37:

ಫ್ಲೋರ್ ಗೇರ್ ಇಲ್ಲದಿದ್ದರೆ ಮಜಾ ಎಲ್ಲಿ ಬ್ರದರ್. ಇರಲಿ, ನಿಮ್ಮ ಗಾಡಿ, ನಿಮ್ಮ ಇಷ್ಟ.

ಸಿರುಗುಪ್ಪದ ಅಂಬಿ:

ವ್ಯಾಪಾರ ಆಯಿತು, ಇಪ್ಪತ್ತಾರು ಸಾವಿರ. ಆರ್‌ಸಿ ರದ್ದಾದ ಕಾಗದ ಗಿರಣಿಯವರ ಹತ್ತಿರವೇ ಇತ್ತು, ಪ್ರತಿ ಕೊಟ್ಟರು. ಅಪ್ಪನಿಗೂ ಹೇಳಿದೆ. "ಬೆಂಚ್ ತೆಗೆದರೆ ಮುಂದೆ ಮೂರು ಜನ ಹೇಗೆ ಕೂರುವುದು?" ಅಂತ ಒಂದೇ ಪ್ರಶ್ನೆ. ಅಮ್ಮ "ಮೂರನೆಯವರು ಯಾರಿದ್ದಾರೆ ಈಗ?" ಅಂದ ಮೇಲೆ ಒಪ್ಪಿದರು. ಸೀಟು ಎರಡು, ಡೋರ್ ಪ್ಯಾಡ್ ನಾಲ್ಕು, ಸಣ್ಣ ಸಾಮಾನು ನಾನು ಇಟ್ಟುಕೊಳ್ಳುತ್ತೇನೆ. ಡೆನಿಮ್ ಕಪ್ಪು, ನೀಲಿ ಅಲ್ಲ.

ಐಎಸ್‌ಜೆಡ್ ಗೇರ್‌ಬಾಕ್ಸ್, ಮೀಟರ್, ಹಿಂದಿನ ಸೀಟು ನನಗೆ ಬೇಡ. ಇಸುಜು ಎಂಜಿನ್ ಗಾಡಿ ಇಟ್ಟುಕೊಂಡವರು ರಾಯಚೂರು, ಕೊಪ್ಪಳ ಕಡೆ ಯಾರಾದರೂ ಇದ್ದರೆ ಇಲ್ಲೇ ತಿಳಿಸಿ. ಕೊಪ್ಪಳ 37 ಅವರೇ, ಗೇರ್‌ಬಾಕ್ಸ್ ನಿಮಗೆ ಬೇಕಾ? ಸಾಗಿಸುವ ಖರ್ಚು ಮಾತ್ರ ನಿಮ್ಮದು.