ಟೋಟೆಮ್ ವಾರಿಯರ್: ಕರಡಿಯನ್ನು ಬಿಟ್ಟು ತೋಳವನ್ನು ಆರಿಸಿಕೊಳ್ಳಬಹುದೇ?

ಪ್ರಶ್ನೆ:
ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಪಾತ್ರಾಭಿನಯದ ಆಟದ ಐದನೇ ಆವೃತ್ತಿಯನ್ನು ನಾವು 2014ರ ನಿಯಮಗಳಂತೆ ಆಡುತ್ತಿದ್ದೇವೆ. ನನ್ನ ಬಾರ್ಬೇರಿಯನ್ (ಉಗ್ರ ಯೋಧನ ಪಾತ್ರ) 3ನೇ ಲೆವೆಲ್ ತಲುಪಿದ್ದು, ಪ್ರಾಣಿಯೊಂದರ ಶಕ್ತಿಯನ್ನು ಪಡೆಯುವ ಟೋಟೆಮ್ ವಾರಿಯರ್ ಮಾರ್ಗವನ್ನು ಹಿಡಿಯಲು ನಿರ್ಧರಿಸಿದ್ದೇನೆ. ಕರಡಿ, ಹದ್ದು, ತೋಳ ಈ ಮೂರರಲ್ಲಿ ಕರಡಿಯ ಹೊರತು ಬೇರೆಯದರ ಯೋಚನೆಯೇ ಬೇಡವೆಂದು ಬಹಳ ಮಂದಿ ಹೇಳುತ್ತಾರೆ. ಆದರೆ ಗುಂಪಿನೊಡನೆ ಬೇಟೆಯಾಡುವ ತೋಳವೇ ನನ್ನ ಪಾತ್ರದ ಸ್ವಭಾವಕ್ಕೆ ಒಪ್ಪುತ್ತದೆ. ತಂಡದಲ್ಲಿ ಕತ್ತಿ ಹಿಡಿದ ಒಬ್ಬ ಫೈಟರ್, ಕಠಾರಿ ಬಳಸುವ ಒಬ್ಬ ರೋಗ್, ಒಬ್ಬ ವಿಝರ್ಡ್ ಇದ್ದಾರೆ. ತೋಳವನ್ನು ಆರಿಸಿದರೆ ತಂಡಕ್ಕೆ ನಷ್ಟವಾಗುತ್ತದೆಯೇ?

ಉತ್ತರ 1:
ಕರಡಿಯ ಹೆಸರು ಸುಮ್ಮನೆ ಬಂದದ್ದಲ್ಲ. ರೇಜ್ (ಬಾರ್ಬೇರಿಯನ್‌ನ ರೋಷಾವೇಶ) ನಡೆಯುತ್ತಿರುವಷ್ಟು ಹೊತ್ತು ಸೈಕಿಕ್ (ಮನಸ್ಸಿಗೆ ಬೀಳುವ ಪೆಟ್ಟು) ಒಂದನ್ನು ಬಿಟ್ಟು ಉಳಿದೆಲ್ಲ ಬಗೆಯ ಡ್ಯಾಮೇಜ್ (ಹಾನಿ) ಅರ್ಧಕ್ಕೆ ಇಳಿಯುತ್ತದೆ. ಬೆಂಕಿಯುಗುಳುವ ಡ್ರಾಗನ್ ಎದುರಾದ ದಿನ ಇದರ ಬೆಲೆ ತಿಳಿಯುತ್ತದೆ. ಗಾಯ ಗುಣಪಡಿಸುವ ಕ್ಲೆರಿಕ್ ನಿಮ್ಮ ತಂಡದಲ್ಲಿ ಇಲ್ಲದಿರುವುದರಿಂದ, ನಾನಾದರೆ ಕರಡಿಯನ್ನೇ ಆರಿಸುತ್ತೇನೆ.

ಉತ್ತರ 2:
ಮೇಲಿನ ಮಾತು ಸರಿಯಾದರೂ ಒಂದು ಅಂಶ ಬಿಟ್ಟುಹೋಗಿದೆ. ಆಯುಧ, ಹಲ್ಲು, ಉಗುರುಗಳಿಂದ ಬರುವ ಪೆಟ್ಟನ್ನು ಅರ್ಧಕ್ಕಿಳಿಸುವ ಶಕ್ತಿ ರೇಜ್‌ನಿಂದಲೇ ಪ್ರತಿಯೊಬ್ಬ ಬಾರ್ಬೇರಿಯನ್‌ಗೂ ದೊರೆಯುತ್ತದೆ. ಕರಡಿ ಅದಕ್ಕೆ ಸೇರಿಸುವುದು ಬೆಂಕಿ, ಶೀತ, ವಿಷ, ಮಿಂಚು ಮೊದಲಾದವನ್ನು ಮಾತ್ರ. ಆರಂಭದ ಲೆವೆಲ್‌ಗಳಲ್ಲಿ ಎದುರಾಗುವ ಶತ್ರುಗಳಲ್ಲಿ ಹೆಚ್ಚಿನವರು ಕಚ್ಚಿಯೋ ಕಡಿದೋ ಹೋರಾಡುವವರಾದ್ದರಿಂದ, ಈ ಹಂತದಲ್ಲಿ ಕರಡಿಯ ಲಾಭ ಜನ ಹೇಳುವಷ್ಟು ದೊಡ್ಡದಲ್ಲ.

ಇನ್ನು ತೋಳದ ವಿಚಾರ. ನೀವು ರೇಜ್‌ನಲ್ಲಿರುವಾಗ ನಿಮ್ಮಿಂದ 5 ಅಡಿಯೊಳಗಿರುವ ಶತ್ರುವಿನ ಮೇಲೆ ಗೆಳೆಯರು ಮಾಡುವ ಮೆಲೀ (ಹತ್ತಿರದಿಂದ ಹೊಡೆಯುವ) ದಾಳಿಗಳಿಗೆ ಅಡ್ವಾಂಟೇಜ್, ಅಂದರೆ ದಾಳವನ್ನು ಎರಡು ಸಲ ಉರುಳಿಸಿ ದೊಡ್ಡ ಸಂಖ್ಯೆಯನ್ನು ಹಿಡಿಯುವ ಅವಕಾಶ, ಸಿಗುತ್ತದೆ. 20 ಮುಖದ ದಾಳದಲ್ಲಿ 11 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಪೆಟ್ಟು ತಗಲುವ ಸಂದರ್ಭದಲ್ಲಿ ನಿಮ್ಮ ಫೈಟರ್‌ನ ಸಾಧ್ಯತೆ ಶೇ. 50ರಿಂದ ಶೇ. 75ಕ್ಕೆ ಏರುತ್ತದೆ, ಮತ್ತು ಇದು ಆತನ ಪ್ರತಿ ದಾಳಿಗೂ ಅನ್ವಯಿಸುತ್ತದೆ. ರೋಗ್ ವಿಷಯದಲ್ಲಿ ಮಾತ್ರ ಎಚ್ಚರವಿರಲಿ: ಶತ್ರುವಿನ ಪಕ್ಕದಲ್ಲಿ ನೀವು ನಿಂತಿದ್ದರೇ ಆತನಿಗೆ ಸಾಮಾನ್ಯವಾಗಿ ಸ್ನೀಕ್ ಅಟ್ಯಾಕ್ (ಹೆಚ್ಚುವರಿ ಹಾನಿ ಮಾಡುವ ಪೆಟ್ಟು) ದೊರೆಯುತ್ತದೆ; ಅದಕ್ಕೆ ತೋಳ ಬೇಕಿಲ್ಲ. ಗುರಿ ತಪ್ಪುವುದು ಕಡಿಮೆಯಾಗುವುದು ಮತ್ತು ಕ್ರಿಟಿಕಲ್ (ದಾಳದಲ್ಲಿ 20 ಬಿದ್ದಾಗಿನ ಭಾರೀ ಪೆಟ್ಟು) ಹೆಚ್ಚುವುದು ಆತನಿಗಾಗುವ ನಿಜವಾದ ಲಾಭ. ದೂರದಿಂದ ಮಂತ್ರ ಪ್ರಯೋಗಿಸುವ ವಿಝರ್ಡ್‌ಗೆ ಇದರಿಂದ ಏನೂ ಸಿಗದು. ನಿಮಗೂ ನೇರವಾಗಿ ಏನೂ ಇಲ್ಲ, ಆದರೆ ನಿಮ್ಮ ದಾಳಿಗೆ ನೀವೇ ಅಡ್ವಾಂಟೇಜ್ ಪಡೆಯಬಲ್ಲ 2ನೇ ಲೆವೆಲ್‌ನ ರೆಕ್‌ಲೆಸ್ ಅಟ್ಯಾಕ್ ನಿಮ್ಮ ಕೈಯಲ್ಲಿದೆಯಲ್ಲ.

ಮೆಲೀಯಲ್ಲಿ ಇಬ್ಬರು ಜೊತೆಗಾರರಿರುವ ತಂಡಕ್ಕೆ ತೋಳದಿಂದ ನಷ್ಟವಿಲ್ಲವೆಂದೇ ನನ್ನ ದೃಢವಾದ ಅಭಿಪ್ರಾಯ. ಪಾತ್ರದ ಸ್ವಭಾವಕ್ಕೆ ಒಪ್ಪುವ ಆಯ್ಕೆಯನ್ನು ಲೆಕ್ಕಾಚಾರಕ್ಕೆ ಹೆದರಿ ಕೈಬಿಡಬೇಡಿ.

ಉತ್ತರ 3:
ಇನ್ನೊಂದು ವಿಷಯ. 6 ಮತ್ತು 14ನೇ ಲೆವೆಲ್‌ಗಳಲ್ಲಿ ಪ್ರಾಣಿಯನ್ನು ಮತ್ತೆ ಆರಿಸುವಾಗ ಮೊದಲಿನದನ್ನೇ ಹಿಡಿಯಬೇಕೆಂಬ ನಿಯಮವಿಲ್ಲ. ಈಗ ತೋಳವನ್ನು ಪಡೆದು, ಪಕ್ಕದ ಶತ್ರುಗಳು ನಿಮ್ಮನ್ನು ಬಿಟ್ಟು ಬೇರೆಯವರನ್ನು ಹೊಡೆಯಲು ಕಷ್ಟಪಡುವಂತೆ ಮಾಡುವ ಕರಡಿಯ ಶಕ್ತಿಯನ್ನು 14ರಲ್ಲಿ ತೆಗೆದುಕೊಳ್ಳಬಹುದು. 2024ರ ನಿಯಮಗಳಲ್ಲಿ ಇದೇ ಮಾರ್ಗ ವೈಲ್ಡ್ ಹಾರ್ಟ್ ಎಂಬ ಹೆಸರಿನಲ್ಲಿ ಬಂದಿದ್ದು, ಪ್ರತಿ ಸಲ ರೇಜ್ ಆರಂಭಿಸುವಾಗಲೂ ಕರಡಿ, ಹದ್ದು, ತೋಳಗಳಲ್ಲಿ ಬೇಕಾದುದನ್ನು ಆರಿಸಬಹುದು. ನಿಮ್ಮ ಡಂಜನ್ ಮಾಸ್ಟರ್ (ಆಟ ನಡೆಸುವವರು) ಒಪ್ಪಿದರೆ ಅದನ್ನು ಬಳಸಿ. ಒಪ್ಪದಿದ್ದರೆ ತೋಳವನ್ನೇ ಬರೆದುಕೊಳ್ಳಿ.